ಲಿವರ್ ಕಸಿಯಾದ ಮಕ್ಕಳು ಇಪ್ಪತ್ತು ವರ್ಷದ ನಂತರ ಹೇಗಿರುತ್ತಾರೆ?

ಲಿವರ್ ಕಸಿಯಾದ ಮಕ್ಕಳ ಬಗ್ಗೆ ಬರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅಪ್ಪನ ಲಿವರ್‌ನ ತುಂಡು ಪಡೆದು ಕೈಗೂಸು ಬದುಕಿತು ಎಂದು ಒಂದು ಸುದ್ದಿ. 1998ರಲ್ಲಿ ದೆಹಲಿಯಲ್ಲಿ ಭಾರತದ ಮೊದಲ ಯಶಸ್ವಿ ಲಿವರ್ ಕಸಿ ನಡೆದಾಗ 20 ತಿಂಗಳಿನವನಾಗಿದ್ದ ತಮಿಳುನಾಡಿನ ಮಗು ಬೆಳೆದು ವೈದ್ಯನಾಗಿದ್ದಾನೆ ಎಂದು ಇನ್ನೊಂದು. ಕಸಿಯಾದ ಕೆಲವು ಮಕ್ಕಳಿಗೆ ಮಾತ್ರೆಗಳನ್ನೇ ನಿಲ್ಲಿಸಬಹುದಂತೆ ಎಂದು ಮತ್ತೊಂದು. ಇದರ ನಡುವೆ, ಹತ್ತು ವರ್ಷ ಚೆನ್ನಾಗಿದ್ದ ಮಗುವಿಗೆ ಎರಡನೇ ಕಸಿ ಬೇಕಾಗಿದೆ, ಕೈಲಾದಷ್ಟು ನೆರವಾಗಿ ಎಂಬ ವಾಟ್ಸಾಪ್ ಮನವಿ. ಹಾಗಾದರೆ ಕಸಿ ಎಂದರೆ ಗುಣವಾದಂತೆಯೋ, ಅಲ್ಲವೋ?

ಇಂಥ ಸುದ್ದಿಗಳೆಲ್ಲ ಏಕಕಾಲಕ್ಕೆ ನಿಜವಾಗಿರಬಹುದು. ಶಸ್ತ್ರಚಿಕಿತ್ಸೆ ಮಗುವಿನ ಜೀವ ಉಳಿಸುತ್ತದೆ. ಉಳಿದ ಜೀವ ಮುಂದಿನ ಐವತ್ತು ಅರವತ್ತು ವರ್ಷ ಹೇಗೆ ಸಾಗುತ್ತದೆ ಎಂಬುದು ಬಹುಮಟ್ಟಿಗೆ, ಹೊಸ ಲಿವರನ್ನು ದೇಹ ತಿರಸ್ಕರಿಸದಂತೆ ದಿನಕ್ಕೆರಡು ಸಲ ನುಂಗುವ ಔಷಧದ ಹದದ ಮೇಲೆ ನಿಂತಿದೆ. ಅದು ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು, ಸೋಂಕಿನ ಭಯ. ಕಡಿಮೆಯಾದರೆ ಹೊಸ ಲಿವರ್‌ಗೇ ಪೆಟ್ಟು. ಎರಡೂ ಹಾನಿಗಳು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುವುದರಿಂದ ಗೊಂದಲ ಹುಟ್ಟುತ್ತದೆ.

ಕಸಿ ಬೇಕಾಗುವುದು ಯಾರಿಗೆ

ದೊಡ್ಡವರಲ್ಲಿ ಲಿವರ್ ಕೆಡಲು ಮದ್ಯ, ಕೊಬ್ಬು, ಹೆಪಟೈಟಿಸ್ ವೈರಸ್ ಕಾರಣವಾದರೆ ಮಕ್ಕಳಲ್ಲಿ ಅತಿ ದೊಡ್ಡ ಕಾರಣ ಬಿಲಿಯರಿ ಅಟ್ರೀಸಿಯಾ. ಹುಟ್ಟಿದ ಮೊದಲ ವಾರಗಳಲ್ಲೇ ಪಿತ್ತನಾಳಗಳು ಮುಚ್ಚಿಹೋಗಿ, ಪಿತ್ತ ಕರುಳಿಗೆ ಇಳಿಯದೆ ಲಿವರ್‌ನಲ್ಲೇ ನಿಂತು ಅದನ್ನು ಗಟ್ಟಿಯಾಗಿಸುವ ರೋಗವಿದು. ಮಗುವಿನ ಕಕ್ಕ ಹಳದಿ ಬಣ್ಣ ಕಳೆದುಕೊಂಡು ಸುಣ್ಣದಂತೆ, ಜೇಡಿಮಣ್ಣಿನಂತೆ ಆಗುತ್ತದೆ. 1959ರಲ್ಲಿ ಜಪಾನಿನ ಮೊರಿಯೊ ಕಸಾಯಿ ಪ್ರಕಟಿಸಿದ ಶಸ್ತ್ರಚಿಕಿತ್ಸೆಯಲ್ಲಿ ಕರುಳಿನ ಒಂದು ಕುಣಿಕೆಯನ್ನು ನೇರವಾಗಿ ಲಿವರ್‌ನ ಬಾಯಿಗೆ ಹೊಲಿಯುತ್ತಾರೆ. 60 ದಿನದೊಳಗೆ ಮಾಡಿದರೆ ಪಿತ್ತ ಹರಿಯುವ ಸಾಧ್ಯತೆ ಹೆಚ್ಚು, ಕಸಿಯನ್ನು ವರ್ಷಗಟ್ಟಲೆ ಮುಂದೂಡಬಹುದು.

ನಮ್ಮಲ್ಲಿ ಎಷ್ಟೋ ಮಕ್ಕಳು ಆ ಗಡುವು ದಾಟಿಯೇ ಬರುತ್ತಾರೆ. ಕೂಸಿನ ಕಾಮಾಲೆ ತಾನಾಗಿಯೇ ಹೋಗುತ್ತದೆ, ಎಳೆಬಿಸಿಲಿಗೆ ಹಿಡಿಯಿರಿ ಎಂಬ ಮಾತು ನಂಬಿ ಎರಡು ತಿಂಗಳು ಕಳೆದಿರುತ್ತದೆ. ಹದಿನಾಲ್ಕು ದಿನ ದಾಟಿಯೂ ಕಣ್ಣು ಹಳದಿಯಿದ್ದರೆ ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತುವಿನ ಒಟ್ಟು ಮಟ್ಟ ನೋಡಿದರೆ ಸಾಲದು, ಪಿತ್ತ ಹರಿಯದಿದ್ದಾಗ ಏರುವ ಡೈರೆಕ್ಟ್ ಬಿಲಿರುಬಿನ್ ಬೇರೆಯಾಗಿ ಅಳೆಸಬೇಕು. ತೈವಾನ್ 2004ರಿಂದ ದೇಶದುದ್ದಕ್ಕೂ ತಾಯಂದಿರಿಗೆ ಮಲದ ಬಣ್ಣದ ಕಾರ್ಡು ಕೊಡುತ್ತಿದೆ. ಬಣ್ಣ ಹೋಲಿಸಿ ನೋಡುವ ಒಂದು ರಟ್ಟಿನ ಕಾರ್ಡು, ಅಷ್ಟೇ. ತಾಯಿ ಕಾರ್ಡಿನ ಜೊತೆಯಲ್ಲೇ ಅದನ್ನೂ ಕೊಡಲು ನಮಗೆ ಅಡ್ಡಿಯೇನೂ ಇಲ್ಲ.

ಉಳಿದ ಕಾರಣಗಳಲ್ಲಿ ದೇಹದಲ್ಲಿ ತಾಮ್ರ ತುಂಬುವ ವಿಲ್ಸನ್ ರೋಗ, ಪಿತ್ತ ಹರಿವಿನ ವಂಶವಾಹಿ ರೋಗಗಳು, ಹೆಪಟೈಟಿಸ್ ಎ ಅಥವಾ ಇಲಿಪಾಷಾಣದಿಂದ ದಿಢೀರನೆ ಲಿವರ್ ಸೋಲುವುದು, ಲಿವರ್‌ನ ಗಡ್ಡೆ ಸೇರುತ್ತವೆ. ಮೂಲ ರೋಗ ಯಾವುದೆಂಬುದು ಮುಂದೆಯೂ ಮುಖ್ಯವಾಗುತ್ತದೆ. ವಿಲ್ಸನ್ ರೋಗದ ದೋಷ ಲಿವರ್‌ನಲ್ಲೇ ಇರುವುದರಿಂದ ಹೊಸ ಲಿವರ್ ಬಂದರೆ ತಾಮ್ರ ಶೇಖರಣೆಯ ತೊಂದರೆ ಮುಗಿಯುತ್ತದೆ. ಪಿಎಫ್‌ಐಸಿ (ಪಿತ್ತ ಹರಿವಿನ ವಂಶವಾಹಿ ರೋಗ) ಒಂದನೇ ಬಗೆಯಲ್ಲಿ ದೋಷ ಕರುಳಿನಲ್ಲೂ ಇರುವುದರಿಂದ ಕಸಿಯ ನಂತರವೂ ಭೇದಿ ಕಾಡುತ್ತದೆ, ಹೊಸ ಲಿವರ್‌ನಲ್ಲೂ ಕೊಬ್ಬು ತುಂಬಬಹುದು.

ಬದುಕುಳಿಯುವ ಲೆಕ್ಕ

1963ರಲ್ಲಿ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜ್ಲ್ ಮನುಷ್ಯರಲ್ಲಿ ಮೊದಲ ಲಿವರ್ ಕಸಿಗೆ ಕೈಹಾಕಿದ್ದು ಬಿಲಿಯರಿ ಅಟ್ರೀಸಿಯಾ ಇದ್ದ ಮೂರು ವರ್ಷದ ಮಗುವಿಗೆ. ಆ ಮಗು ರಕ್ತಸ್ರಾವದಿಂದ ತೀರಿಕೊಂಡಿತು. ಇಂದು ಅನುಭವಿ ಕೇಂದ್ರಗಳಲ್ಲಿ ನೂರಕ್ಕೆ 90ರಿಂದ 95 ಮಕ್ಕಳು ಒಂದು ವರ್ಷ ದಾಟುತ್ತಾರೆ, ಹತ್ತು ವರ್ಷಕ್ಕೆ 80ಕ್ಕೂ ಹೆಚ್ಚು ಮಕ್ಕಳು ಇರುತ್ತಾರೆ. ಈ ಬದಲಾವಣೆಗೆ ಎರಡು ಕಾರಣ. ಮೊದಲನೆಯದು ತಿರಸ್ಕಾರ ತಡೆಯುವ ಔಷಧ: 1980ರ ದಶಕದಲ್ಲಿ ಸೈಕ್ಲೋಸ್ಪೋರಿನ್, 1989ರ ನಂತರ ಟ್ಯಾಕ್ರೋಲಿಮಸ್. ಎರಡನೆಯದು ಜೀವಂತ ದಾನಿಯ ಲಿವರ್‌ನ ಒಂದು ಭಾಗವನ್ನಷ್ಟೇ ತೆಗೆದು ಕೂಡಿಸುವ ತಂತ್ರ. 1989ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಅದು ಮೊದಲ ಬಾರಿ ಯಶಸ್ವಿಯಾಯಿತು.

ಭಾರತದಲ್ಲಿ ವರ್ಷಕ್ಕೆ ನಾಲ್ಕು ಸಾವಿರಕ್ಕೂ ಮಿಕ್ಕಿ ಲಿವರ್ ಕಸಿ ನಡೆಯುತ್ತವೆ, ಅವುಗಳಲ್ಲಿ ಮಕ್ಕಳದು ಸುಮಾರು ಹತ್ತರಲ್ಲೊಂದು ಪಾಲು. ಹೆಚ್ಚಿನ ಮಕ್ಕಳಿಗೆ ದಾನಿ ಅಮ್ಮ, ಅಪ್ಪ ಅಥವಾ ಅಜ್ಜಿ. ದಾನಿಯ ಲಿವರ್‌ನ ಎಡ ಅಂಚಿನ ಭಾಗ, ಸುಮಾರು ಐದನೇ ಒಂದು ಪಾಲು, 200ರಿಂದ 250 ಗ್ರಾಂ ತೂಗುವ ತುಂಡು ಸಾಕು. ಎಂಟು ಕಿಲೋ ಮಗುವಿಗೆ ಅದು ದೇಹತೂಕದ ಶೇ. 3ರ ಹತ್ತಿರ. ತುಂಡು ದೇಹತೂಕದ ಶೇ. 0.8ಕ್ಕಿಂತ ಕಡಿಮೆಯಾದರೆ ಕೆಲಸಕ್ಕೆ ಸಾಲದು, ಶೇ. 4 ಮೀರಿದರೆ ಹೊಟ್ಟೆಯಲ್ಲಿ ಜಾಗವಿಲ್ಲದೆ ರಕ್ತದ ಹರಿವು ಕಟ್ಟುತ್ತದೆ. ಮಗು ಬೆಳೆದಂತೆ ತುಂಡೂ ಬೆಳೆಯುತ್ತದೆ.

ಮೊದಲ ವಾರಗಳ ದೊಡ್ಡ ಅಪಾಯ ಲಿವರ್‌ಗೆ ಹೋಗುವ ಅಪಧಮನಿ ಹೆಪ್ಪುಗಟ್ಟುವುದು. ಕೂಸಿನ ಆ ನಾಳದ ಅಗಲ ಎರಡು ಮೂರು ಮಿಲಿಮೀಟರ್ ಮಾತ್ರ. ಆರಂಭದಲ್ಲಿ ದಿನವೂ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡುವುದು ಇದಕ್ಕೇ. ಪಿತ್ತನಾಳ ಕಿರಿದಾಗುವುದು, ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ರಕ್ತನಾಳ ಸಂಕುಚಿಸುವುದು ತಿಂಗಳು, ವರ್ಷಗಳ ನಂತರವೂ ಬರಬಹುದು. ಚೆನ್ನಾಗಿದ್ದ ಮಗುವಿನ ಗುಲ್ಮ ದೊಡ್ಡದಾಗುತ್ತ, ಪ್ಲೇಟ್‌ಲೆಟ್ ಎಣಿಕೆ ಇಳಿಯುತ್ತ ಬಂದರೆ ಅದನ್ನು ಡೆಂಗ್ಯೂ ಎಂದಷ್ಟೇ ನೋಡದೆ ಪೋರ್ಟಲ್ ನಾಳದ ಸ್ಕ್ಯಾನ್ ಮಾಡಿಸಬೇಕು.

ಆದರೆ ಬದುಕುಳಿದವರೆಲ್ಲ ಪೂರ್ಣ ಆರೋಗ್ಯವಂತರೇ? ಅಮೆರಿಕ ಮತ್ತು ಕೆನಡಾದ ಸ್ಪ್ಲಿಟ್ ಎಂಬ ನೋಂದಣಿ ಜಾಲ 2012ರಲ್ಲಿ ಇದಕ್ಕೆ ಉತ್ತರ ಹುಡುಕಿತು. ಮೊದಲ ಕಸಿಯ ಲಿವರೇ ಇರಬೇಕು, ಒಂದೇ ಔಷಧದಲ್ಲಿ ಸ್ಥಿರವಾಗಿರಬೇಕು, ಬೆಳವಣಿಗೆ ಸರಿಯಿರಬೇಕು, ಔಷಧದ ಅಡ್ಡಪರಿಣಾಮ ಇರಬಾರದು. ಇಷ್ಟನ್ನೂ ಹತ್ತು ವರ್ಷದ ಹೊತ್ತಿಗೆ ಪೂರೈಸಿದವರು ಶೇ. 32 ಮಾತ್ರ. ಉಳಿದವರು ಕಾಯಿಲೆಯಿಂದ ಮಲಗಿದ್ದಾರೆ ಎಂದಲ್ಲ. ಶಾಲೆಗೆ ಹೋಗುತ್ತಾರೆ, ಆಡುತ್ತಾರೆ. ಆದರೆ ಒಂದಲ್ಲ ಒಂದು ಕೊರತೆ ಜೊತೆಗಿರುತ್ತದೆ.

ಟ್ಯಾಕ್ರೋಲಿಮಸ್ ಎಂಬ ತಕ್ಕಡಿ

ದೇಹದ ರೋಗನಿರೋಧಕ ಕಣಗಳಿಗೆ ಕಸಿಯ ಲಿವರ್ ಪರರ ವಸ್ತು. ಟ್ಯಾಕ್ರೋಲಿಮಸ್ ಆ ಕಣಗಳ ಕೈಕಟ್ಟುತ್ತದೆ. ರಕ್ತದಲ್ಲಿ ಅದರ ಮಟ್ಟವನ್ನು ಮೊದಲ ತಿಂಗಳುಗಳಲ್ಲಿ ಒಂದು ಮಿಲಿಲೀಟರಿಗೆ 8ರಿಂದ 12 ನ್ಯಾನೋಗ್ರಾಂ ಆಸುಪಾಸು ಇಟ್ಟು, ವರ್ಷ ಕಳೆದ ಮೇಲೆ 4ರಿಂದ 6ಕ್ಕೆ ಇಳಿಸುವುದು ಸಾಮಾನ್ಯ ಪದ್ಧತಿ. ಪ್ರತಿ ಕೇಂದ್ರಕ್ಕೂ, ಪ್ರತಿ ಮಗುವಿಗೂ ಗುರಿ ಸ್ವಲ್ಪ ಬೇರೆಯಾಗಿರುತ್ತದೆ.

ಈ ಮಟ್ಟವನ್ನು ಅಳೆಯುವುದರಲ್ಲೇ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಪರೀಕ್ಷೆಯ ರಕ್ತವನ್ನು ಹಿಂದಿನ ರಾತ್ರಿಯ ಔಷಧ ಕೊಟ್ಟು ಹನ್ನೆರಡು ಗಂಟೆಯಾದಾಗ, ಬೆಳಗಿನ ಔಷಧಕ್ಕೆ ಮುಂಚೆ ತೆಗೆಯಬೇಕು. ರಾಯಚೂರಿನಿಂದಲೋ ಬೀದರಿನಿಂದಲೋ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದಿಳಿದ ಮನೆಯವರು, ಹೊತ್ತಾಯಿತೆಂದು ಏಳು ಗಂಟೆಗೇ ಔಷಧ ಕೊಟ್ಟು, ಒಂಬತ್ತಕ್ಕೆ ರಕ್ತ ಕೊಡುತ್ತಾರೆ. ಆಗಷ್ಟೇ ರಕ್ತಕ್ಕೆ ಸೇರಿದ ಔಷಧದಿಂದ ಮಟ್ಟ 14 ಎಂದು ಬರುತ್ತದೆ. ನಿಜವಾದ ಮಟ್ಟ 5 ಇದ್ದಿರಬಹುದು. ವರದಿ ನೋಡಿದ ವೈದ್ಯರು ಪ್ರಮಾಣ ಇಳಿಸುತ್ತಾರೆ. ಮೂರು ವಾರದಲ್ಲಿ, ಲಿವರ್‌ಗೆ ಪೆಟ್ಟಾದುದನ್ನು ತೋರಿಸುವ ಎನ್ಜೈಮ್‌ಗಳು ರಕ್ತದಲ್ಲಿ ಏರುತ್ತವೆ. ಪರೀಕ್ಷೆಯ ದಿನ ಡಬ್ಬಿಯನ್ನು ಚೀಲದಲ್ಲೇ ಇಟ್ಟುಕೊಂಡು ಬಂದು, ರಕ್ತ ಕೊಟ್ಟ ತಕ್ಷಣ ಔಷಧ ಕೊಡಬೇಕು. ಕೊಟ್ಟುಬಿಟ್ಟಿದ್ದರೆ ಬೈಸಿಕೊಳ್ಳುವ ಭಯವಿಲ್ಲದೆ ಹಾಗೆಂದು ಹೇಳಬೇಕು.

ಬೇರೆ ಔಷಧಗಳೂ ಈ ತಕ್ಕಡಿಯನ್ನು ಅಲುಗಿಸುತ್ತವೆ. ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಕೆಮ್ಮಿಗೆ ಕೊಡುವ ಎರಿಥ್ರೋಮೈಸಿನ್ ಮತ್ತು ಕ್ಲಾರಿಥ್ರೋಮೈಸಿನ್ ಮಟ್ಟವನ್ನು ಏರಿಸುತ್ತವೆ. ಕ್ಷಯದ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಅದನ್ನು ಕುಸಿಯುವಂತೆ ಮಾಡುತ್ತವೆ. ಭೇದಿಯಾದಾಗ ಮಟ್ಟ ಇಳಿದೀತು ಎಂದು ಅನ್ನಿಸುವುದು ಸಹಜ, ಆದರೆ ಸಾಮಾನ್ಯವಾಗಿ ಏರುತ್ತದೆ. ಔಷಧವನ್ನು ಒಡೆಯುವ ಕರುಳಿನ ಒಳಪದರವೇ ಭೇದಿಯಲ್ಲಿ ಸವೆದಿರುತ್ತದೆ. ಗ್ರೇಪ್‌ಫ್ರೂಟ್ ಬೇಡ ಎಂದು ಆಸ್ಪತ್ರೆಯ ಚೀಟಿಯಲ್ಲಿ ಬರೆದಿರುತ್ತದೆ. ಆ ಹಣ್ಣು ನಮ್ಮಲ್ಲಿ ಕಾಣುವುದೇ ಅಪರೂಪ. ಅದರ ಹತ್ತಿರದ ನೆಂಟ, ದೇವನಹಳ್ಳಿಯ ಚಕ್ಕೋತ, ಮನೆಮನೆಗೂ ಬರುತ್ತದೆ, ಅದೂ ಬೇಡ. ಅಂಗಡಿಯವರು ಬೇರೆ ಕಂಪನಿಯ ಟ್ಯಾಕ್ರೋಲಿಮಸ್ ಕೊಟ್ಟರೆ ವೈದ್ಯರಿಗೆ ತಿಳಿಸಿ ಮಟ್ಟ ಮತ್ತೆ ನೋಡಿಸಬೇಕು. ನೋವಿಗೆ, ಜ್ವರಕ್ಕೆ ಐಬುಪ್ರೊಫೆನ್ ಕೊಡಬಾರದು: ಟ್ಯಾಕ್ರೋಲಿಮಸ್‌ನಿಂದ ಈಗಾಗಲೇ ಬಳಲುವ ಮೂತ್ರಪಿಂಡಕ್ಕೆ ಅದು ಇನ್ನೊಂದು ಏಟು.

ಆ ಮೂತ್ರಪಿಂಡದ ಸ್ಥಿತಿ ತಿಳಿಯುವುದೂ ಸುಲಭವಲ್ಲ. ಅದಕ್ಕಾಗಿ ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ವಸ್ತು. ಸಣಕಲು ಮಗುವಿನಲ್ಲಿ ಸ್ನಾಯುವೇ ಕಡಿಮೆ, ಹಾಗಾಗಿ ಮೂತ್ರಪಿಂಡ ಸೋಲುತ್ತಿದ್ದರೂ ವರದಿ ಸರಿಯಿದ್ದಂತೆಯೇ ಕಾಣುತ್ತದೆ. ಅನುಮಾನ ಬಂದಾಗ, ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ಅಳೆಸುವುದು ಒಳ್ಳೆಯದು. ಪ್ರತಿ ಭೇಟಿಯಲ್ಲೂ ರಕ್ತದೊತ್ತಡ ನೋಡುವುದಂತೂ ಬಿಡಲೇಬಾರದು.

ರಕ್ತಪರೀಕ್ಷೆಗೆ ಕಾಣದ್ದು

ವೈದ್ಯರಲ್ಲೇ ಭಿನ್ನಾಭಿಪ್ರಾಯ ಇರುವುದು ಇಲ್ಲಿ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ತಂಡ, ಮೇಲ್ನೋಟಕ್ಕೆ ಚೆನ್ನಾಗಿದ್ದ ಮಕ್ಕಳ ಲಿವರ್‌ನಿಂದ ಸೂಜಿಯಲ್ಲಿ ಚೂರು ತೆಗೆದು ನೋಡಿದ (ಇದೇ ಬಯಾಪ್ಸಿ) ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿತು. ದೀರ್ಘಕಾಲದ ಉರಿಯೂತದ ಗುರುತು ಒಂದು ವರ್ಷಕ್ಕೆ ಶೇ. 22 ಮಕ್ಕಳಲ್ಲಿ, ಐದು ವರ್ಷಕ್ಕೆ ಶೇ. 43ರಲ್ಲಿ, ಹತ್ತು ವರ್ಷಕ್ಕೆ ಶೇ. 64ರಲ್ಲಿ ಸಿಕ್ಕಿತು. ಇಂಥ ಉರಿಯೂತ ಬಹಳ ವರ್ಷ ಇದ್ದರೆ ಲಿವರ್‌ನಲ್ಲಿ ನಾರು ಕಟ್ಟುತ್ತದೆ. ಹತ್ತು ವರ್ಷ ಚೆನ್ನಾಗಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಎರಡನೇ ಕಸಿ ಬೇಕಾಯಿತು ಎಂಬ ಸುದ್ದಿಗಳಲ್ಲಿ ಕೆಲವಕ್ಕೆ ಮೂಲ ಇದೇ.

ಹಾಗಿದ್ದರೆ ಎಲ್ಲ ಮಕ್ಕಳಿಗೂ ಕೆಲವು ವರ್ಷಕ್ಕೊಮ್ಮೆ ಬಯಾಪ್ಸಿ ಮಾಡಬೇಕೇ? ಮಾಡಬೇಕೆನ್ನುವವರು, ನಾರು ಕಟ್ಟಿದ ಮೇಲೆ ಗೊತ್ತಾಗಿ ಪ್ರಯೋಜನವಿಲ್ಲ ಎನ್ನುತ್ತಾರೆ. ಬೇಡವೆನ್ನುವವರು, ಅರಿವಳಿಕೆ ಕೊಟ್ಟು ಸೂಜಿ ಚುಚ್ಚುವುದರಲ್ಲಿ ರಕ್ತಸ್ರಾವದ ಅಪಾಯ ಸಣ್ಣದಾದರೂ ಇದೆ, ಸಿಕ್ಕ ಸಣ್ಣ ಉರಿಯೂತಕ್ಕೆ ಔಷಧ ಏರಿಸಿದರೆ ಲಾಭವೋ ನಷ್ಟವೋ ಖಚಿತವಿಲ್ಲ ಎನ್ನುತ್ತಾರೆ. ಎರಡು ವಾದಕ್ಕೂ ತೂಕವಿದೆ. ನನಗೆ ಸರಿ ಕಾಣುವ ದಾರಿ ಇದು: ಔಷಧವನ್ನು ಗಣನೀಯವಾಗಿ ಇಳಿಸುವ ಮುನ್ನ ಮತ್ತು ಇಳಿಸಿದ ನಂತರ ಬಯಾಪ್ಸಿ ಇರಲೇಬೇಕು. ಉಳಿದ ಸಮಯದಲ್ಲಿ ಸೂಜಿಯಿಲ್ಲದೆ ಲಿವರ್‌ನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್, ರಕ್ತದಲ್ಲಿ ನೋಡುವ ಜಿಜಿಟಿ ಎಂಬ ಲಿವರ್ ಎನ್ಜೈಮ್ ಮತ್ತು ದಾನಿಯ ವಿರುದ್ಧದ ಪ್ರತಿಕಾಯಗಳ ಪರೀಕ್ಷೆಯಿಂದ ಯಾರಿಗೆ ಬಯಾಪ್ಸಿ ಬೇಕೆಂದು ಆರಿಸಬಹುದು.

ಮಾತ್ರೆ ನಿಲ್ಲಿಸುವ ಸುದ್ದಿಯ ಹಿಂದೆ

2012ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ ತಂದೆ ಅಥವಾ ತಾಯಿಯ ಲಿವರ್ ಪಡೆದ 20 ಮಕ್ಕಳಿಗೆ ಔಷಧವನ್ನು ಬಹಳ ನಿಧಾನವಾಗಿ ಇಳಿಸಿ ನಿಲ್ಲಿಸಿದರು. 12 ಮಕ್ಕಳು ಔಷಧವಿಲ್ಲದೆ ವರ್ಷ ದಾಟಿದರೂ ಲಿವರ್ ಚೆನ್ನಾಗಿತ್ತು. ಶೇ. 60 ಎಂಬ ಆ ಅಂಕಿ ಸುದ್ದಿಯಾಯಿತು. ನಂತರ 88 ಮಕ್ಕಳ ಮೇಲೆ ಹಲವು ಕೇಂದ್ರಗಳಲ್ಲಿ ನಡೆದ ಐವಿತ್ ಅಧ್ಯಯನದ ಫಲಿತಾಂಶ 2021ರಲ್ಲಿ ಬಂದಾಗ ಯಶಸ್ಸು ಕಂಡವರು 33 ಮಕ್ಕಳು, ಎಂದರೆ ಶೇ. 37.5.

ಈ ಅಂಕಿ ಕೂಡ ಕಸಿಯಾದ ಎಲ್ಲ ಮಕ್ಕಳಿಗೆ ಅನ್ವಯಿಸುವುದಿಲ್ಲ. ವರ್ಷಗಟ್ಟಲೆ ಸ್ಥಿರವಾಗಿದ್ದು, ಬಯಾಪ್ಸಿಯಲ್ಲೂ ಒಳ್ಳೆಯ ಲಿವರ್ ಕಂಡವರನ್ನು ಮಾತ್ರ ಸೇರಿಸಿಕೊಂಡಿದ್ದರು. ಔಷಧವನ್ನು ತಿಂಗಳುಗಟ್ಟಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಪದೇಪದೇ ರಕ್ತ ನೋಡುತ್ತಿದ್ದರು. ಜಪಾನಿನ ಕ್ಯೋಟೋದ ಅನುಭವ ಇನ್ನೊಂದು ಎಚ್ಚರಿಕೆ ಕೊಡುತ್ತದೆ: ಔಷಧ ನಿಂತ ಮೇಲೂ ರಕ್ತಪರೀಕ್ಷೆ ಸರಿಯಿದ್ದ ಕೆಲವು ಮಕ್ಕಳ ಲಿವರ್‌ನಲ್ಲಿ ನಾರು ಹೆಚ್ಚಿದ್ದು ಬಯಾಪ್ಸಿಯಲ್ಲಿ ಕಂಡಿತು. ಹೀಗಾಗಿ ಸುದ್ದಿ ಓದಿ ಮನೆಯಲ್ಲೇ ಒಂದು ಹೊತ್ತಿನ ಮಾತ್ರೆ ಬಿಟ್ಟು ನೋಡುವುದು ಆ ಅಧ್ಯಯನವನ್ನು ಅನುಸರಿಸಿದಂತೆ ಆಗುವುದಿಲ್ಲ. ಅಲ್ಲಿ ಹಾನಿಯನ್ನು ಮೊದಲೇ ಹಿಡಿಯುವ ಏರ್ಪಾಡಿತ್ತು, ಮನೆಯಲ್ಲಿ ಅದಿಲ್ಲ.

ಎತ್ತರ ಮತ್ತು ಓದು

ಲಿವರ್ ಕೆಟ್ಟ ಕೂಸು ಕಸಿಗೆ ಬರುವ ಹೊತ್ತಿಗೆ ಕೈಕಾಲು ಸೊರಗಿ ಹೊಟ್ಟೆ ಮಾತ್ರ ಉಬ್ಬಿರುತ್ತದೆ. ಪಿತ್ತವಿಲ್ಲದೆ ಕೊಬ್ಬು ಜೀರ್ಣವಾಗದು. ಕೊಬ್ಬಿನ ಜೊತೆ ಒಳಸೇರಬೇಕಾದ ಎ, ಡಿ, ಇ, ಕೆ ವಿಟಮಿನ್‌ಗಳೂ ಹೊರಹೋಗುತ್ತವೆ. ಕಸಿಯ ನಂತರ ತೂಕ ಬೇಗ ಏರುತ್ತದೆ, ಎತ್ತರ ನಿಧಾನ. ಆರಂಭದಲ್ಲಿ ಟ್ಯಾಕ್ರೋಲಿಮಸ್ ಜೊತೆ ಕೊಡುವ ಸ್ಟೀರಾಯ್ಡನ್ನು ವೈದ್ಯರು ಬೇಗ ನಿಲ್ಲಿಸಿದವರಲ್ಲಿ ಎತ್ತರ ಚೆನ್ನಾಗಿ ಹಿಡಿಯುತ್ತದೆ. ಕಸಿಗೆ ಮುಂಚಿನ ತಿಂಗಳುಗಳಲ್ಲಿ, ಬೇಕಾದರೆ ಮೂಗಿನ ನಳಿಕೆಯ ಮೂಲಕವಾದರೂ, ಪಿತ್ತವಿಲ್ಲದೆಯೂ ಒಳಸೇರುವ ಎಂಸಿಟಿ ಎಣ್ಣೆ ಸೇರಿದ ಆಹಾರ ಕೊಟ್ಟು ಪೋಷಿಸುವುದು ಮುಂದಿನ ಎತ್ತರಕ್ಕೂ ಮೆದುಳಿಗೂ ಹಾಕುವ ಬಂಡವಾಳ.

ಮೆದುಳಿನ ವಿಷಯ ನಮ್ಮಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. 2011ರ ಅಮೆರಿಕದ ಅಧ್ಯಯನವೊಂದರಲ್ಲಿ ಕಸಿಯಾದ ಐದರಿಂದ ಏಳು ವರ್ಷದ ಮಕ್ಕಳಲ್ಲಿ ಶೇ. 26ರ ಐಕ್ಯೂ 71ರಿಂದ 85ರ ನಡುವೆ ಇತ್ತು. ಸಾಮಾನ್ಯ ಮಕ್ಕಳಲ್ಲಿ ಈ ಪಾಲು ಶೇ. 14 ಇರುತ್ತದೆ. ಗಮನ ನಿಲ್ಲದಿರುವುದು, ಗಣಿತದಲ್ಲಿ ಹಿಂದೆ ಬೀಳುವುದು ಇದರ ರೂಪ. ಇಂಥ ಮಗುವನ್ನು ಸೋಮಾರಿ ಎಂದು ಬೈದರೆ ಅನ್ಯಾಯ. ಒಂದನೇ ತರಗತಿಗೆ ಮುಂಚೆ ಒಮ್ಮೆ ಕಲಿಕೆಯ ಪರೀಕ್ಷೆ ಮಾಡಿಸಿದರೆ ನೆರವು ಬೇಗ ಸಿಗುತ್ತದೆ.

ಲಸಿಕೆ, ಜ್ವರ, ಕಷಾಯ

ಜೀವಂತ ರೋಗಾಣು ಇರುವ ಲಸಿಕೆಗಳನ್ನು, ಎಂದರೆ ದಡಾರ-ರುಬೆಲ್ಲಾ, ಸೀತಾಳೆ ಸಿಡುಬು, ಬಿಸಿಜಿ, ರೋಟಾವೈರಸ್ ಲಸಿಕೆ ಮತ್ತು ಪೋಲಿಯೊ ಹನಿಯನ್ನು, ಕಸಿಯ ನಂತರ ಸಾಮಾನ್ಯವಾಗಿ ಕೊಡುವುದಿಲ್ಲ. ಸರ್ಕಾರಿ ಪಟ್ಟಿಯಂತೆ ದಡಾರ ಲಸಿಕೆ ಒಂಬತ್ತು ತಿಂಗಳಿಗೆ. ಕಸಿ ಅದಕ್ಕೂ ಮುಂಚೆ ಆಗುವಂತಿದ್ದರೆ ಆರು ತಿಂಗಳಿಗೇ ಹಾಕಿಸಿ, ಕಸಿಗೆ ನಾಲ್ಕು ವಾರ ಅಂತರ ಬಿಡಬಹುದು. ಪಲ್ಸ್ ಪೋಲಿಯೊ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಮಗುವಿಗೆ ಕಸಿಯಾಗಿದೆ ಎಂದು ಹೇಳಬೇಕು. ಮನೆಯಲ್ಲಿರುವ ತಮ್ಮ ತಂಗಿಯರಿಗೂ ಹನಿಯ ಬದಲು ಚುಚ್ಚುಮದ್ದಿನ ಪೋಲಿಯೊ ಲಸಿಕೆ ಸಾಧ್ಯವೇ ಎಂದು ಮಕ್ಕಳ ವೈದ್ಯರನ್ನು ಕೇಳಬೇಕು, ಏಕೆಂದರೆ ಹನಿಯ ವೈರಸ್ ವಾರಗಟ್ಟಲೆ ಮಲದಲ್ಲಿ ಬರುತ್ತದೆ. ಪಕ್ಕದ ಬೆಂಚಿನ ಹುಡುಗನಿಗೆ ಅಮ್ಮ ಬಂದಿದೆ ಎಂದು ಗೊತ್ತಾದರೆ ಗುಳ್ಳೆ ಏಳುವವರೆಗೆ ಕಾಯದೆ ಅದೇ ದಿನ ಕೇಂದ್ರಕ್ಕೆ ಫೋನ್ ಮಾಡಬೇಕು.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮನೆಮದ್ದು ಸಲ್ಲದು. ಅದರಲ್ಲೂ ಅಮೃತಬಳ್ಳಿ ಕಷಾಯ ಬೇಡವೇ ಬೇಡ. ನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದೇ ಅದನ್ನು ಕುಡಿಸುತ್ತಾರೆ. ಇಲ್ಲಿ ಔಷಧ ಕೊಡುತ್ತಿರುವುದೇ ಆ ಶಕ್ತಿಯನ್ನು ತಗ್ಗಿಸಲು. ಕಸಿಯಾಗದವರಲ್ಲೂ ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ.

ಇಬಿವಿ ಎಂಬ ವೈರಸ್‌ನಿಂದ ಬರುವ ಪಿಟಿಎಲ್‌ಡಿ ಇನ್ನೊಂದು ಅಪಾಯ. ಬಿಳಿರಕ್ತಕಣಗಳು ಮಿತಿಮೀರಿ ಬೆಳೆದು ಕ್ಯಾನ್ಸರಿಗೂ ತಿರುಗಬಹುದಾದ ರೋಗವಿದು. ದಾನಿಗೆ ಆ ವೈರಸ್ ಮೊದಲೇ ತಗುಲಿದ್ದು, ಮಗುವಿಗೆ ತಗುಲಿರದಿದ್ದರೆ ಅಪಾಯ ಹೆಚ್ಚು. ಅಮ್ಮನ ಲಿವರ್ ಪಡೆದ ಕೂಸುಗಳಲ್ಲಿ ಇದೇ ಸಾಮಾನ್ಯ ಸ್ಥಿತಿ. ಕತ್ತಿನ ಗಂಟುಗಳು ಊದಿಕೊಂಡು, ಟಾನ್ಸಿಲ್ ದೊಡ್ಡದಾಗಿ, ಹಿಂದೆ ಇಲ್ಲದ ಗೊರಕೆ ಶುರುವಾಗಿ, ತೂಕ ಇಳಿದರೆ ಅನುಮಾನಿಸಬೇಕು. ಬೇಗ ಹಿಡಿದರೆ ಟ್ಯಾಕ್ರೋಲಿಮಸ್ ತಗ್ಗಿಸಿಯೇ ಎಷ್ಟೋ ಮಕ್ಕಳನ್ನು ಉಳಿಸಬಹುದು, ಬೇಕಾದರೆ ಆ ಕಣಗಳನ್ನು ಕೊಲ್ಲುವ ರಿಟುಕ್ಸಿಮ್ಯಾಬ್ ಔಷಧ ಸೇರಿಸುತ್ತಾರೆ.

ಹದಿಹರೆಯದ ನಾಲ್ಕು ಅಂಕಿಗಳು

ಚಿಕ್ಕಂದಿನಲ್ಲಿ ಔಷಧ ಕೊಡುವವರು ಅಮ್ಮ. ಹದಿಮೂರು ದಾಟಿದ ಮೇಲೆ ಡಬ್ಬಿ ಮಗುವಿನ ಕೈಗೆ ಬರುತ್ತದೆ. ಹಾಸ್ಟೆಲ್ಲಿಗೆ ಹೋದರೆ ಕೇಳುವವರೂ ಇಲ್ಲ. ಒಂದೆರಡು ದಿನ ಬಿಟ್ಟರೆ ಮೇಲ್ನೋಟಕ್ಕೆ ಏನೂ ಆದಂತೆ ಕಾಣುವುದಿಲ್ಲ, ಆ ಅನುಭವವೇ ಮತ್ತೆ ಬಿಡಲು ಧೈರ್ಯ ಕೊಡುತ್ತದೆ.

ಇಬ್ಬರು ಮಕ್ಕಳ ವರ್ಷದ ನಾಲ್ಕು ಟ್ಯಾಕ್ರೋಲಿಮಸ್ ವರದಿಗಳನ್ನು ಉದಾಹರಣೆಗೆ ಊಹಿಸಿಕೊಳ್ಳಿ. ಒಬ್ಬನದು 5.1, 4.8, 5.4, 5.0. ಇನ್ನೊಬ್ಬಳದು 2.1, 8.7, 2.8, 6.7. ಎರಡರ ಸರಾಸರಿಯೂ ಒಂದೇ, ಐದಕ್ಕೆ ತುಸು ಮೇಲೆ. ಸರಾಸರಿ ನೋಡಿದರೆ ಇಬ್ಬರೂ ಸರಿಯಿದ್ದಾರೆ. ಅಂಕಿಗಳ ಏರಿಳಿತವನ್ನು ಮಾನಕ ವಿಚಲನೆಯಲ್ಲಿ ಅಳೆದರೆ ಮೊದಲನೆಯವನದು 0.25, ಎರಡನೆಯವಳದು 3.15. ಈ ಅಳತೆಗೆ ಎಂಎಲ್‌ವಿಐ ಎಂದು ಹೆಸರು. ಅದು 2 ದಾಟಿದ ಮಕ್ಕಳಲ್ಲಿ ತಡವಾದ ತಿರಸ್ಕಾರ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಎರಡನೆಯ ಹುಡುಗಿ ಮಾತ್ರೆ ಬಿಡುತ್ತಿದ್ದಾಳೆ, ಪರೀಕ್ಷೆ ಹತ್ತಿರ ಬಂದಾಗ ಜಾಸ್ತಿ ನುಂಗುತ್ತಿದ್ದಾಳೆ ಎಂಬ ಅನುಮಾನಕ್ಕೆ ಇಷ್ಟು ಸಾಕು. ಬೇರೆ ಔಷಧ, ಭೇದಿ, ರಕ್ತ ಕೊಟ್ಟ ಸಮಯ ಇವನ್ನೂ ವಿಚಾರಿಸಬೇಕು. ಹೊಸ ಪರೀಕ್ಷೆ, ಹೊಸ ಖರ್ಚು ಯಾವುದೂ ಬೇಡ, ಹಳೆಯ ಫೈಲಿನಲ್ಲಿರುವ ಅಂಕಿಗಳೇ ಸಾಕು. ಆಮೇಲೆ ಗದರಿಸದೆ ಕೇಳಿದರೆ ಕಾರಣ ಸಿಗುತ್ತದೆ: ಮುಖ ಊದುತ್ತದೆ, ಕೈ ನಡುಗುತ್ತದೆ, ಗೆಳತಿಯರ ಎದುರು ಮಾತ್ರೆ ನುಂಗಲು ನಾಚಿಕೆ. ದಿನಕ್ಕೊಮ್ಮೆ ನುಂಗುವ ನಿಧಾನ ಬಿಡುಗಡೆಯ ಟ್ಯಾಕ್ರೋಲಿಮಸ್ ಇಂಥವರಿಗೆ ನೆರವಾಗಬಹುದು.

ಹಣ ಎಲ್ಲಿ ನಿಲ್ಲುತ್ತದೆ

ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಗಳ ಅಂಗಾಂಗ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ನೆರವಿದೆ. ಜನರ ದೇಣಿಗೆಯೂ ಕೂಸಿನ ಫೋಟೋ ನೋಡಿ ಹರಿದುಬರುತ್ತದೆ. ಇವೆರಡರ ಗಮನವೂ ಹೆಚ್ಚಾಗಿ ಶಸ್ತ್ರಚಿಕಿತ್ಸೆಯ ಮೇಲೆ. ಆರನೇ ವರ್ಷದ ಟ್ಯಾಕ್ರೋಲಿಮಸ್‌ಗೆ, ಮೂರು ತಿಂಗಳಿಗೊಮ್ಮೆಯ ರಕ್ತಪರೀಕ್ಷೆಗೆ, ಬೆಂಗಳೂರಿಗೆ ಬಂದುಹೋಗುವ ಎರಡು ದಿನದ ಕೂಲಿಗೆ ಯಾರೂ ಫೋಟೋ ಹಾಕಿ ಹಣ ಕೇಳುವುದಿಲ್ಲ. ಔಷಧ ಬಿಡುವ ಹದಿಹರೆಯದವರಲ್ಲಿ ನಾಚಿಕೆಯಿಂದ ಬಿಡುವವರಂತೆ, ಮನೆಯಲ್ಲಿ ದುಡ್ಡಿಲ್ಲವೆಂದು ಒಂದು ಹೊತ್ತಿನ ಮಾತ್ರೆ ಉಳಿಸುವವರೂ ಇದ್ದಾರೆ. ಎರಡನೇ ಕಸಿ ಮೊದಲನೆಯದಕ್ಕಿಂತ ಕಠಿಣ: ಒಳಗೆಲ್ಲ ಅಂಟಿಕೊಂಡಿರುತ್ತದೆ, ರಕ್ತಸ್ರಾವ ಹೆಚ್ಚು, ಮನೆಯಲ್ಲಿ ಇನ್ನೊಬ್ಬ ದಾನಿ ಸಿಗುವುದು ಕಷ್ಟ. ಜಿಲ್ಲಾ ಆಸ್ಪತ್ರೆಯಲ್ಲಿ ತಿಂಗಳ ಔಷಧ ಕೊಟ್ಟು, ರಕ್ತವನ್ನು ಅಲ್ಲೇ ಸರಿಯಾದ ಹೊತ್ತಿಗೆ ತೆಗೆದು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸುವ ವ್ಯವಸ್ಥೆಯಾದರೆ, ರಾತ್ರಿ ಬಸ್ಸಿನ ತಪ್ಪು ಓದುವಿಕೆಯೂ ತಪ್ಪುತ್ತದೆ, ಕೂಲಿಯೂ ಉಳಿಯುತ್ತದೆ.

ಹದಿನೆಂಟಕ್ಕೆ ಇನ್ನೊಂದು ಬಿರುಕು ಬೀಳುತ್ತದೆ. ಮಕ್ಕಳ ವಿಭಾಗ ಇನ್ನು ದೊಡ್ಡವರ ವಿಭಾಗಕ್ಕೆ ಹೋಗಿ ಎನ್ನುತ್ತದೆ. ಅಲ್ಲಿನವರಿಗೆ ಬಿಲಿಯರಿ ಅಟ್ರೀಸಿಯಾ ರೋಗಿಗಳನ್ನು ನೋಡಿ ಅಭ್ಯಾಸ ಕಡಿಮೆ. ಈ ನಡುವೆ ಎಷ್ಟೋ ಯುವಕ ಯುವತಿಯರು ತಪಾಸಣೆಗೆ ಬರುವುದನ್ನೇ ನಿಲ್ಲಿಸುತ್ತಾರೆ. ಹದಿನಾಲ್ಕರಿಂದಲೇ ಮಗು ವೈದ್ಯರೊಡನೆ ಹತ್ತು ನಿಮಿಷ ಒಬ್ಬಂಟಿಯಾಗಿ ಮಾತಾಡಬೇಕು, ತನ್ನ ಔಷಧದ ಹೆಸರು, ಪ್ರಮಾಣ, ಕಳೆದ ಮಟ್ಟ ಹೇಳಲು ಕಲಿಯಬೇಕು. ಹುಡುಗಿಯರಿಗೆ ಇನ್ನೊಂದು ವಿಷಯವನ್ನೂ ಆಗಲೇ ಹೇಳಬೇಕು. ಕಸಿಯಾದವರು ತಾಯಿಯಾಗಬಹುದು, ಆಗಿದ್ದಾರೆ. ಆದರೆ ತಿರಸ್ಕಾರ ತಡೆಯಲು ಕೆಲವರಿಗೆ ಕೊಡುವ ಮೈಕೊಫಿನೊಲೇಟ್ ಎಂಬ ಔಷಧ ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡುತ್ತದೆ, ಗರ್ಭ ನಿಲ್ಲುವ ಆರು ವಾರ ಮುಂಚೆಯಾದರೂ ಅದನ್ನು ಬೇರೆ ಔಷಧಕ್ಕೆ ಬದಲಿಸಿರಬೇಕು. ಮದುವೆ ಗೊತ್ತಾದ ಮೇಲೆ ಮನೆಯವರು ಆಸ್ಪತ್ರೆಯ ಫೈಲನ್ನು ಅಡಗಿಸಿಟ್ಟು, ಮಾತ್ರೆಯನ್ನೂ ನಿಲ್ಲಿಸಿಬಿಟ್ಟರೆ ತಿಂಗಳುಗಳಲ್ಲೇ ಲಿವರ್ ಕೆಡಬಹುದು. ಆ ಮಾತನ್ನು ಹುಡುಗಿಯ ಜೊತೆಗೆ ಅವಳ ಅಪ್ಪ ಅಮ್ಮನಿಗೂ, ಮದುವೆಯ ಮಾತು ಶುರುವಾಗುವುದಕ್ಕೂ ಮುಂಚೆಯೇ, ವೈದ್ಯರು ಕೂರಿಸಿ ಹೇಳಬೇಕಾಗುತ್ತದೆ.